18 ಪಾಠಗಳಲ್ಲಿ ದೇವರು: ಒಂದು ಆಡಿಯೊ ಕೋರ್ಸ್ ಕೇಳಿ ಮುಗಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಕೋರ್ಸ್ ಕೇಳಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ಜೊತೆಗೆ ಬರುವ ಪುಸ್ತಿಕೆಯ ಒಂದು ಕೋಷ್ಟಕಕ್ಕೆ ಮತ್ತು ಕೊನೆಯ ಪಾಠಕ್ಕೆ. ಅವೆರಡರ ಬಗ್ಗೆ ಆಮೇಲೆ ಬಿಡಿಸಿ ಬರೆಯುತ್ತೇನೆ. ಅದು ಸಣ್ಣ ತಪ್ಪಲ್ಲ.

ಬೇರೆ ಬೇರೆ ಧರ್ಮಗಳು ದೇವರನ್ನು ಹೇಗೆ ಕಾಣುತ್ತವೆ, ದೇವರು ಅನ್ನದಿದ್ದರೆ ಎಲ್ಲಕ್ಕಿಂತ ದೊಡ್ಡ ಸತ್ಯ ಅಂತ ಯಾವುದನ್ನು ಹೇಳುತ್ತವೆ ಅನ್ನುವುದು ಕೋರ್ಸಿನ ವಿಷಯ. 18 ಪಾಠ, ಒಂದೊಂದು ಸುಮಾರು 40 ನಿಮಿಷ. ಕನ್ನಡದಲ್ಲೇ ಇದೆ. ಓದುವವರು ಇಬ್ಬರು, ಒಂದು ಹೆಣ್ಣು ದನಿ, ಒಂದು ಗಂಡು ದನಿ. ಫೋನಿನ ಆ್ಯಪ್‌ನಲ್ಲಿ ಕೇಳಬಹುದು, ಜೊತೆಗೆ ಅಚ್ಚಾದ ಪುಸ್ತಿಕೆಯೂ ಬರುತ್ತದೆ.

ನಾನು ನರ್ಸ್. ಗುಣವಾಗದ ಕಾಯಿಲೆಯವರನ್ನು ನೋಡಿಕೊಳ್ಳುವ ಪ್ಯಾಲಿಯೇಟಿವ್ ವಾರ್ಡಿನಲ್ಲಿ ನನ್ನ ಕೆಲಸ. ಅಲ್ಲಿ ದೇವರ ಮಾತು ಬರದ ದಿನವೇ ಇಲ್ಲ. ಎಲ್ಲ ಧರ್ಮದವರೂ ಬರುತ್ತಾರೆ, ಯಾವ ಧರ್ಮವೂ ಬೇಡ ಅನ್ನುವವರೂ ಬರುತ್ತಾರೆ. ಅವರ ಹಾಸಿಗೆ ಪಕ್ಕ ಕೂತಾಗ ಏನು ಹೇಳಬೇಕು ಅನ್ನುವುದಕ್ಕಿಂತ ಏನು ಹೇಳಬಾರದು ಅನ್ನುವುದು ಗೊತ್ತಿರಬೇಕು. ಅದಕ್ಕೇ ಈ ಕೋರ್ಸ್ ತೆಗೆದುಕೊಂಡೆ. ಹಾಗಾಗಿ ನನ್ನ ವಿಮರ್ಶೆ ಪಂಡಿತರ ವಿಮರ್ಶೆ ಅಲ್ಲ. ಕೇಳಿದ್ದು ಕೆಲಸಕ್ಕೆ ಬಂತಾ ಇಲ್ವಾ ಅನ್ನುವುದೇ ನನ್ನ ಅಳತೆ.

ಮೊದಲನೇ ಪಾಠ ಸುಮ್ನೆ ಪೀಠಿಕೆ, ಬಿಟ್ಟರೂ ನಷ್ಟವಿಲ್ಲ. ಎರಡನೆಯದು ಬೃಹದಾರಣ್ಯಕ ಉಪನಿಷತ್ತಿನ ಒಂದು ಸಂಭಾಷಣೆಯಿಂದ ಶುರುವಾಗುತ್ತದೆ. ಒಂದೇ ಪಾಠ ಕೇಳುವ ಮನಸ್ಸಿದ್ದರೂ ಇದನ್ನು ಕೇಳಬಹುದು. ವಿದಗ್ಧ ಶಾಕಲ್ಯ ಯಾಜ್ಞವಲ್ಕ್ಯನನ್ನು ಕೇಳುತ್ತಾನೆ, ದೇವತೆಗಳು ಎಷ್ಟು ಮಂದಿ? 3306 ಅನ್ನುತ್ತಾನೆ ಯಾಜ್ಞವಲ್ಕ್ಯ. ಸರಿ, ಆದರೆ ಎಷ್ಟು ಮಂದಿ? 33. ಸರಿ, ಆದರೆ ಎಷ್ಟು? 6. ಆಮೇಲೆ 3, ಆಮೇಲೆ 2, ಆಮೇಲೆ ಒಂದೂವರೆ, ಕೊನೆಗೆ ಒಂದು. ಪ್ರಶ್ನೆ ಒಂದೇ, ಉತ್ತರ ಮಾತ್ರ ಇಳಿಯುತ್ತಾ ಹೋಗುತ್ತದೆ. ಓದುವವರಿಬ್ಬರೂ ಇಲ್ಲಿ ಒಂದಿಷ್ಟೂ ಅವಸರ ಮಾಡಿಲ್ಲ. 33 ಯಾರು ಯಾರು ಅಂತ ಎಣಿಸಿ ಹೇಳುತ್ತಾರೆ: ಎಂಟು ವಸುಗಳು, ಹನ್ನೊಂದು ರುದ್ರರು, ಹನ್ನೆರಡು ಆದಿತ್ಯರು, ಇಂದ್ರ, ಪ್ರಜಾಪತಿ. ಒಂದೂವರೆ ಅಂದರೆ ಬೀಸುವ ಗಾಳಿ. ಒಂದು ಅಂದರೆ ಪ್ರಾಣ, ಅದೇ ಬ್ರಹ್ಮ. ಅದೇ ವಾದ ಮುಂದುವರಿದು, ಆತ್ಮವನ್ನು 'ಇದಲ್ಲ, ಇದಲ್ಲ' ಅಂತಷ್ಟೇ ಹೇಳಬಹುದು ಅನ್ನುವಲ್ಲಿಗೆ ಬರುತ್ತದೆ. ಇಷ್ಟು ಹೊತ್ತು ಲೆಕ್ಕ ಕೊಟ್ಟವನೇ ಲೆಕ್ಕಕ್ಕೆ ಸಿಗದ ಕಡೆ ಕೈ ತೋರಿಸುತ್ತಾನೆ. ಈ ಭಾಗವನ್ನು ರಾತ್ರಿ ಪಾಳಿ ಮುಗಿಸಿ ಬರುವಾಗ ಕೇಳಿದೆ. ಮನೆ ಬಾಗಿಲಿಗೆ ಬಂದರೂ ಇಯರ್‌ಫೋನ್ ತೆಗೆಯಲು ಮನಸ್ಸಾಗಲಿಲ್ಲ.

ಮುಂದಿನ ಪಾಠದ ಹೆಚ್ಚುಗಾರಿಕೆ ಏನೆಂದರೆ 'ಹಿಂದೂಗಳ ದೇವರು' ಅಂತ ಒಂದೇ ಬುಟ್ಟಿಗೆ ಎಲ್ಲವನ್ನೂ ತುಂಬಿಲ್ಲ. ಶಂಕರರಿಗೆ ಬ್ರಹ್ಮಕ್ಕೆ ಗುಣವಿಲ್ಲ, ಜೀವಕ್ಕೂ ಅದಕ್ಕೂ ಕೊನೆಗೆ ಭೇದವಿಲ್ಲ. ರಾಮಾನುಜರಿಗೆ ದೇವರು ಕಲ್ಯಾಣಗುಣಗಳಿಂದ ತುಂಬಿದವನು, ಜೀವಗಳೂ ಜಗತ್ತೂ ಅವನ ಶರೀರ. ಮಧ್ವರಿಗೆ ಭೇದವೇ ಸತ್ಯ. ದೇವರಿಗೂ ಜೀವಕ್ಕೂ, ದೇವರಿಗೂ ಜಡಕ್ಕೂ, ಜೀವಜೀವಕ್ಕೂ, ಜೀವಕ್ಕೂ ಜಡಕ್ಕೂ, ಜಡಜಡಕ್ಕೂ, ಹೀಗೆ ಐದು ಭೇದ. ಮೂವರೂ ಓದಿದ್ದು ಅವೇ ಉಪನಿಷತ್ತುಗಳನ್ನು. ಮೂವರೂ ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪುವವರಲ್ಲ. ಈ ಜಗಳವನ್ನು ಪಾಠದಲ್ಲಿ ತೇಪೆ ಹಾಕಿ ಮುಚ್ಚಿಲ್ಲ, ಗೌರವದಿಂದ ಇಟ್ಟಿದ್ದಾರೆ. ವೇದವನ್ನು ತಲೆಯ ಮೇಲೆ ಹೊತ್ತುಕೊಂಡರೂ ಜಗತ್ತನ್ನು ಸೃಷ್ಟಿಸಿದ ದೇವರು ಬೇಕಿಲ್ಲ ಅನ್ನುವ ಮೀಮಾಂಸಕರನ್ನೂ ಬಿಟ್ಟಿಲ್ಲ. ಮನೆಯಲ್ಲಿ ಇದನ್ನು ಜೋರಾಗಿ ಹಾಕಿದಾಗ ನಮ್ಮತ್ತೆ ಮಧ್ಯದಲ್ಲೇ ನಿಲ್ಲಿಸಿ, "ವೇದ ಓದೋರೇ ಹಾಗಂದ್ರಾ?" ಅಂತ ಮತ್ತೆ ಹಾಕಿಸಿ ಕೇಳಿದರು.

ಶರಣರಿಗೆ ಮಾತ್ರ ಅನ್ಯಾಯವಾಗಿದೆ. ಬಸವಣ್ಣನವರ ಹೆಸರು ಬರುತ್ತದೆ, ಇಷ್ಟಲಿಂಗದ ಮಾತು ಬರುತ್ತದೆ, ಅಷ್ಟರಲ್ಲಿ ಮುಗಿದೇ ಹೋಗುತ್ತದೆ. ಅಲ್ಲಮಪ್ರಭುವಿನ ಬಯಲಿನ ಬಗ್ಗೆ ಒಂದು ಮಾತೂ ಇಲ್ಲ. ಅಂಗೈಯಲ್ಲಿ ಹಿಡಿದು ನೋಡುವ ದೇವರು ಒಂದು ಕಡೆ, ರೂಪವೇ ಇಲ್ಲದ ಬಯಲು ಇನ್ನೊಂದು ಕಡೆ, ಎರಡೂ 12ನೇ ಶತಮಾನದ ಆ ಒಂದೇ ಬಳಗದಲ್ಲಿ ಇದ್ದವು. ಕನ್ನಡದಲ್ಲಿ ಮಾಡಿದ ಕೋರ್ಸಿನಲ್ಲಿ ಇದಕ್ಕೊಂದು ಪೂರ್ತಿ ಪಾಠ ಬೇಕಿತ್ತು.

ಐದನೆಯದು ಯಹೂದಿ ಧರ್ಮದ್ದು. ನನಗೆ ತೀರಾ ಹೊಸದು, ಹಾಗಾಗಿ ಜಾಸ್ತಿ ಸಲ ಕೇಳಿದ ಪಾಠಗಳಲ್ಲಿ ಇದೂ ಒಂದು. 12ನೇ ಶತಮಾನದ ಮೈಮೊನಿಡೀಸ್ ವೃತ್ತಿಯಿಂದ ವೈದ್ಯ. ದೇವರು ದೊಡ್ಡವನು, ಜ್ಞಾನಿ, ಬಲಶಾಲಿ ಅಂತ ಹೊಗಳುತ್ತಾ ಹೋದಷ್ಟೂ ದೇವರನ್ನು ಮನುಷ್ಯನ ಅಳತೆಗೆ ಇಳಿಸುತ್ತೀರಿ ಅಂತ ಅವನ ವಾದ. ದೇವರು ಏನಲ್ಲ ಅನ್ನುವುದನ್ನು ಮಾತ್ರ ಧೈರ್ಯವಾಗಿ ಹೇಳಬಹುದು. ಹಾಗೆ ಬರೀ 'ಅಲ್ಲ' ಅನ್ನುತ್ತಾ ಹೋದರೆ ಕೈಗೆ ಏನು ಸಿಗುತ್ತದೆ? ಅದಕ್ಕೆ ಅವನು ಹಡಗಿನ ಉದಾಹರಣೆ ಕೊಡುತ್ತಾನೆ. ಹಡಗು ಅನ್ನುವ ವಸ್ತು ಒಂದಿದೆ ಅಂತಷ್ಟೇ ಗೊತ್ತಿದ್ದು, ಅದೇನು ಅಂತ ಗೊತ್ತಿಲ್ಲದವರು ಇದ್ದಾರೆ ಅಂದುಕೊಳ್ಳಿ. ಒಬ್ಬರಿಗೆ ಅದು ಗಿಡವಲ್ಲ ಅಂತ ತಿಳಿಯುತ್ತದೆ. ಇನ್ನೊಬ್ಬರಿಗೆ ಅದು ಖನಿಜವಲ್ಲ ಅಂತ. ಮತ್ತೊಬ್ಬರಿಗೆ ಅದು ಬಾಗಿಲಿನ ಹಾಗೆ ಚಪ್ಪಟೆ ಅಲ್ಲ ಅಂತ. ಹೀಗೆ ಒಂದೊಂದೇ 'ಅಲ್ಲ' ಸೇರುತ್ತಾ ಹೋಗಿ, ಕೊನೆಯವನು ಹಡಗಿನ ಹತ್ತಿರ ಹತ್ತಿರ ಬಂದಿರುತ್ತಾನೆ. 'ಅಲ್ಲ' ಅನ್ನುವುದೂ ತಿಳಿವಳಿಕೆಯೇ ಅನ್ನುವುದು ನನಗೆ ತುಂಬಾ ಹಿಡಿಸಿತು. ಇದೇ ಪಾಠದ ಕೊನೆಗೆ 16ನೇ ಶತಮಾನದ ಇಸಾಕ್ ಲೂರಿಯ ಬರುತ್ತಾನೆ. ಎಲ್ಲ ಕಡೆ ತುಂಬಿದ್ದ ದೇವರು ಜಗತ್ತಿಗೆ ಜಾಗ ಮಾಡಿಕೊಡಲು ತನ್ನನ್ನು ತಾನೇ ಒಳಕ್ಕೆ ಸೆಳೆದುಕೊಂಡ ಅಂತ ಅವನ ಕಾಣ್ಕೆ. ಮೈಮೊನಿಡೀಸ್‌ನ ಖಡಕ್ ತರ್ಕದ ಮಗ್ಗುಲಲ್ಲೇ ಇದನ್ನು ಇಟ್ಟದ್ದು ಒಳ್ಳೆಯ ಕೆಲಸ. ಒಂದೇ ಧರ್ಮದ ಒಳಗೆ ಎಷ್ಟು ದೂರ ಹೋಗಬಹುದು ಅನ್ನುವುದು ಗೊತ್ತಾಗುತ್ತದೆ.

ಇಡೀ ಕೋರ್ಸಿನಲ್ಲಿ ಅತಿ ಜಾಣತನದ ಜೋಡಣೆ ಆರು ಮತ್ತು ಏಳನೇ ಪಾಠಗಳದು. ಆರು ಕ್ರೈಸ್ತರದು, ಏಳು ಮುಸ್ಲಿಮರದು. ಎರಡರ ನಡುವಿನಲ್ಲೂ ಒಂದೇ ಗಂಟು: ದೇವರ ಮಾತು ಸೃಷ್ಟಿಯಾದದ್ದಾ, ಅಥವಾ ದೇವರಷ್ಟೇ ಅನಾದಿಯಾ?

ಕ್ರೈಸ್ತರಲ್ಲಿ ಆ ಮಾತು ಅಂದರೆ ಕ್ರಿಸ್ತ. ಮಗನೂ ಒಂದು ಕಾಲಕ್ಕೆ ಇರಲಿಲ್ಲ, ತಂದೆ ಅವನನ್ನು ಸೃಷ್ಟಿಸಿದ ಅಂತ ಏರಿಯಸ್ ಅನ್ನುವ ಪಾದ್ರಿ ಹೇಳಿದ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್‌ಗಳು ಅದನ್ನು ತಳ್ಳಿಹಾಕಿದರು. ಮಗ ಹುಟ್ಟಿದವನು, ಸೃಷ್ಟಿಯಾದವನಲ್ಲ, ತಂದೆಯ ತತ್ತ್ವವೇ ಅವನದೂ ಅಂದರು. 381ರಲ್ಲಿ ತಂದೆ, ಮಗನ ಜೊತೆ ಮೂರನೆಯವನಾದ ಪವಿತ್ರಾತ್ಮನ ಬಗ್ಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ, 451ರಲ್ಲಿ ಕ್ರಿಸ್ತನ ದೈವತ್ವ ಮತ್ತು ಮನುಷ್ಯತ್ವದ ಬಗ್ಗೆ ಕ್ಯಾಲ್ಸಿಡಾನ್‌ನಲ್ಲಿ ತೀರ್ಮಾನವಾಯಿತು. ಈ ಇಸವಿಗಳು ಒಂದರ ಹಿಂದೆ ಒಂದು ಬಂದು ಬೀಳುವಾಗ ಪಾಠ ಸ್ವಲ್ಪ ಒಣಗುತ್ತದೆ. ಆದರೆ ಇಷ್ಟೆಲ್ಲ ಜಗಳ ಯಾಕೆ ಅನ್ನುವುದನ್ನು ಆ ಹೆಣ್ಣು ದನಿ ಬಿಡಿಸಿ ಹೇಳುವಾಗ ಎಲ್ಲ ಜೀವ ಬರುತ್ತದೆ. ಶಿಲುಬೆಯ ಮೇಲೆ ನೋವು ತಿಂದವನು ದೇವರೇ ಆಗಿದ್ದರೆ, ನೋವು ದೇವರ ಒಳಗೇ ಹೋಗಿದೆ. ಅವನು ಬರೀ ದೂತನಾಗಿದ್ದರೆ ದೇವರು ದೂರದಲ್ಲಿ ನಿಂತು ನೋಡಿದ ಅಂತಾಯಿತು. ನಮ್ಮ ವಾರ್ಡಿನಲ್ಲಿ ಶಿಲುಬೆಯನ್ನು ಬಿಗಿಯಾಗಿ ಹಿಡಿದುಕೊಂಡು ಮಲಗುವವರನ್ನು ನೋಡಿದ್ದೇನೆ. ಅವರ ಪಾಲಿಗೆ ಇದು ಪುಸ್ತಕದ ಚರ್ಚೆ ಅಲ್ಲವೇ ಅಲ್ಲ.

ಏಳನೇ ಪಾಠದಲ್ಲಿ ಆ ಮಾತು ಅಂದರೆ ಕುರಾನ್. ಇಸ್ಲಾಮಿನ ಜೀವಾಳ ತೌಹೀದ್, ದೇವರು ಒಬ್ಬನೇ, ಅವನಿಗೆ ಪಾಲುದಾರರಿಲ್ಲ. ಕುರಾನಿನ 112ನೇ ಅಧ್ಯಾಯ ನಾಲ್ಕೇ ಸಾಲಿನದು. ಅವನು ಹೆತ್ತವನೂ ಅಲ್ಲ, ಹುಟ್ಟಿದವನೂ ಅಲ್ಲ, ಅವನಿಗೆ ಸಾಟಿ ಯಾರೂ ಇಲ್ಲ ಅನ್ನುತ್ತದೆ. ಹಿಂದಿನ ಪಾಠ ಕೇಳಿದ ಕಿವಿಯಲ್ಲೇ ಇದನ್ನು ಕೇಳಿದರೆ ಎರಡು ಧರ್ಮಗಳು ಎಲ್ಲಿ ಕೈಬಿಡುತ್ತವೆ ಅನ್ನುವುದು ನಿಚ್ಚಳ. ಇನ್ನು ಕುರಾನ್ ದೇವರ ಮಾತು ಅಂದಮೇಲೆ ಅದು ಅನಾದಿಯಾ? ಅನಾದಿ ಅಂದರೆ ದೇವರ ಪಕ್ಕ ಇನ್ನೊಂದು ಅನಾದಿ ವಸ್ತು ಬಂತಲ್ಲ, ತೌಹೀದ್‌ಗೆ ಪೆಟ್ಟು ಅಂತ ತರ್ಕಕ್ಕೆ ಒತ್ತು ಕೊಡುವ ಮುಅ್ತಜಿಲಾ ಪಂಡಿತರು ವಾದಿಸಿದರು. 833ರಲ್ಲಿ ಖಲೀಫ ಅಲ್ ಮಾಮೂನ್, ಕುರಾನ್ ಸೃಷ್ಟಿಯಾದದ್ದು ಅನ್ನುವುದನ್ನು ಎಲ್ಲ ವಿದ್ವಾಂಸರೂ ಒಪ್ಪಬೇಕು ಅಂತ ವಿಚಾರಣೆ ಶುರು ಮಾಡಿದ. ಅಹ್ಮದ್ ಇಬ್ನ್ ಹಂಬಲ್ ಒಪ್ಪಲಿಲ್ಲ. ಜೈಲಿಗೆ ಹಾಕಿದರು, ಚಾಟಿಯಲ್ಲಿ ಹೊಡೆಸಿದರು, ಆದರೂ ಒಪ್ಪಲಿಲ್ಲ. ಕೊನೆಗೆ ಸುನ್ನಿ ಮುಸ್ಲಿಮರಲ್ಲಿ ನಿಂತದ್ದು ಅವರ ಪಕ್ಷವೇ. ಕುರಾನ್ ಸೃಷ್ಟಿಯಾದದ್ದಲ್ಲ, ದೇವರ ಗುಣಗಳು ಇವೆ, ಹೇಗೆ ಅಂತ ಕೇಳಬೇಡಿ.

ಎರಡು ಕಡೆಯೂ ಗಂಟು ಒಂದೇ ಥರ ಕಾಣುತ್ತದೆ, ಅಲ್ವಾ? ಆದರೆ ಒಂದು ಕಡೆ ಮಾತು ಮನುಷ್ಯನಾಗಿ ಬಂತು, ಇನ್ನೊಂದು ಕಡೆ ಗ್ರಂಥವಾಗಿ ಇಳಿಯಿತು. ಹಾಗಾಗಿ ಬಿಡಿಸಿದ ದಾರಿಯೂ ಬೇರೆ. ಈ ಸಾಮ್ಯವನ್ನೂ ಈ ಭೇದವನ್ನೂ ಒಟ್ಟಿಗೆ ಹಿಡಿದು ತೋರಿಸಿದವರ ಕೈಗೆ ನಾನು ನಮಸ್ಕಾರ ಮಾಡುತ್ತೇನೆ. ಸೂಫಿಗಳ ಬಗ್ಗೆ ಇನ್ನಷ್ಟು ಹೇಳಬಹುದಿತ್ತು. 922ರಲ್ಲಿ ಬಾಗ್ದಾದ್‌ನಲ್ಲಿ ಕೊಂದ ಹಲ್ಲಾಜ್‌ನನ್ನು ಎರಡು ಮಾತಲ್ಲಿ ಮುಗಿಸಿದ್ದಾರೆ. ಆದರೆ ದೇವರು ಮನುಷ್ಯನ ಕುತ್ತಿಗೆಯ ರಕ್ತನಾಳಕ್ಕಿಂತ ಹತ್ತಿರ ಇದ್ದಾನೆ ಅನ್ನುವ ಕುರಾನಿನ ಮಾತನ್ನು ಮರೆತಿಲ್ಲ. ಬೆರಳಿಟ್ಟು ಆ ನಾಡಿ ನೋಡುವ ಕೆಲಸ ನನ್ನದು. ಹಾಗಾಗಿ ಆ ಸಾಲು ನನಗೆ ಬೇರೆ ಥರ ತಾಗಿತು.

ಎಂಟನೇ ಪಾಠ ಬೌದ್ಧರದು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೆಯದು. ಬುದ್ಧ ದೇವರನ್ನು ಒಪ್ಪಿದನಾ ಬಿಟ್ಟನಾ ಅಂತ ಒಣ ಚರ್ಚೆ ಮಾಡದೆ, ಬುದ್ಧನ ಉಪದೇಶಗಳ ಸಂಗ್ರಹವಾದ ದೀಘನಿಕಾಯದಲ್ಲಿ, ಕೇವಟ್ಟ ಸುತ್ತ ಅನ್ನುವ ಉಪದೇಶದಲ್ಲಿರುವ ಕಥೆಯನ್ನೇ ಪೂರ್ತಿ ಹೇಳುತ್ತಾರೆ. ಒಬ್ಬ ಭಿಕ್ಷುವಿಗೆ ಒಂದು ಸಂಶಯ. ಮಣ್ಣು, ನೀರು, ಬೆಂಕಿ, ಗಾಳಿ, ಈ ನಾಲ್ಕೂ ಚೂರೂ ಉಳಿಯದೆ ಎಲ್ಲಿ ಇಲ್ಲವಾಗುತ್ತವೆ? ಧ್ಯಾನದ ಬಲದಿಂದ ದೇವಲೋಕಕ್ಕೆ ಹೋಗಿ ಕೇಳುತ್ತಾನೆ. ನಾಲ್ಕು ದಿಕ್ಕಿನ ದೊರೆಗಳ ಲೋಕದವರು, ನಮಗೆ ಗೊತ್ತಿಲ್ಲ, ನಮಗಿಂತ ಮೇಲಿನವರನ್ನು ಕೇಳು ಅನ್ನುತ್ತಾರೆ. ಮೇಲಿನವರು ಅದಕ್ಕೂ ಮೇಲಿನವರ ಕಡೆ ಕೈ ತೋರಿಸುತ್ತಾರೆ. ಹೀಗೆ ಲೋಕ ಲೋಕ ಹತ್ತಿ ಕೊನೆಗೆ ಮಹಾಬ್ರಹ್ಮನ ಮುಂದೆ ನಿಲ್ಲುತ್ತಾನೆ. ಪ್ರಶ್ನೆ ಕೇಳುತ್ತಾನೆ. ಬ್ರಹ್ಮ ಉತ್ತರಿಸುತ್ತಾನೆ: ನಾನು ಬ್ರಹ್ಮ, ಮಹಾಬ್ರಹ್ಮ, ಎಲ್ಲವನ್ನೂ ಕಂಡವನು, ಎಲ್ಲವನ್ನೂ ಮಾಡಿದವನು, ಆಗಿದ್ದರ ಆಗುವುದರ ತಂದೆ. ಭಿಕ್ಷು ಅನ್ನುತ್ತಾನೆ, ನಾನು ಅದನ್ನು ಕೇಳಲಿಲ್ಲ ಸ್ವಾಮಿ. ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ. ಮೂರನೇ ಸಲ ಬ್ರಹ್ಮ ಅವನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗುತ್ತಾನೆ. ಈ ದೇವತೆಗಳೆಲ್ಲ ನನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಅಂದುಕೊಂಡಿದ್ದಾರೆ, ಅದಕ್ಕೇ ಅವರ ಮುಂದೆ ಹೇಳಲಿಲ್ಲ. ನನಗೂ ಗೊತ್ತಿಲ್ಲ. ಬುದ್ಧನನ್ನು ಬಿಟ್ಟು ಇಷ್ಟು ದೂರ ಬಂದದ್ದೇ ತಪ್ಪು, ಹೋಗಿ ಅವನನ್ನು ಕೇಳು.

ಭಿಕ್ಷು ವಾಪಸ್ ಬರುತ್ತಾನೆ. ಬುದ್ಧ ಏನು ಮಾಡುತ್ತಾನೆ ಅನ್ನುವುದೇ ಮುಖ್ಯ. ನೇರವಾಗಿ ಉತ್ತರ ಕೊಡುವುದಿಲ್ಲ. ಪ್ರಶ್ನೆಯನ್ನು ಹಾಗೆ ಕೇಳಬಾರದು, ಹೀಗೆ ಕೇಳಬೇಕು ಅಂತ ಮೊದಲು ತಿದ್ದುತ್ತಾನೆ. ಅವು ಎಲ್ಲಿ ಇಲ್ಲವಾಗುತ್ತವೆ ಅಂತಲ್ಲ, ಅವಕ್ಕೆ ಎಲ್ಲಿ ಕಾಲೂರಲು ನೆಲೆ ಸಿಗುವುದಿಲ್ಲ ಅಂತ. ಆಮೇಲೆ ಉತ್ತರ ಹೊರಗಿನ ಲೋಕ ಬಿಟ್ಟು ಅರಿವಿನ ಕಡೆ ತಿರುಗುತ್ತದೆ. ಈ ಕಥೆಯಲ್ಲಿ ದೇವತೆಗಳು ಇದ್ದಾರೆ, ಸೃಷ್ಟಿಕರ್ತ ಅಂತ ಹೇಳಿಕೊಳ್ಳುವವನೂ ಇದ್ದಾನೆ. ಆದರೆ ಬಿಡುಗಡೆಗೆ ಬೇಕಾದ್ದು ಅವರ ಹತ್ತಿರ ಇಲ್ಲ. ಬೌದ್ಧರಿಗೆ ದೇವರಿಲ್ಲ ಅಂತ ಒಂದೇ ಮಾತಲ್ಲಿ ಹೇಳುವವರು ಈ ಪಾಠವನ್ನು ಒಮ್ಮೆ ಕೇಳಬೇಕು. ಇದರ ಬೆನ್ನಿಗೇ ಬೌದ್ಧ ದಾರ್ಶನಿಕ ನಾಗಾರ್ಜುನನ ಶೂನ್ಯತೆ, ಅಂದರೆ ಯಾವುದಕ್ಕೂ ತನ್ನದೇ ಆದ ಸ್ವಂತ ಸ್ವಭಾವ ಇಲ್ಲ ಅನ್ನುವ ಮಾತು ಬರುತ್ತದೆ. ಶೂನ್ಯತೆಯೇ ಪರಮ ವಸ್ತು ಅಂತ ಹಿಡಿದುಕೊಂಡರೆ ಅದೂ ತಪ್ಪು, ಶೂನ್ಯತೆಯೂ ಶೂನ್ಯ ಅನ್ನುವ ಭಾಗ. ಕಷ್ಟದ ವಿಷಯ. ನಿಧಾನವಾಗಿ, ಬೇಕಾದಲ್ಲಿ ನಿಲ್ಲಿಸಿಕೊಂಡು ಕೇಳಿ.

ಇಷ್ಟು ಚೆನ್ನಾಗಿ ಪಾಠ ಮಾಡಿದವರೇ ಆ ಪುಸ್ತಿಕೆಯನ್ನೂ ಮಾಡಿದರಾ ಅನ್ನುವುದು ನನಗೆ ನಂಬಲು ಕಷ್ಟ. ನಡುವೆ ಎರಡು ಪುಟ ಅಗಲದ ಕೋಷ್ಟಕ ಇದೆ. ಎಡಗಡೆ ಧರ್ಮಗಳ ಹೆಸರು. ಮೇಲುಗಡೆ ಕಾಲಂಗಳು: ದೇವರ ಹೆಸರು, ಎಷ್ಟು ದೇವರು, ರೂಪ ಇದೆಯೇ, ಸೃಷ್ಟಿಕರ್ತನೇ, ಸತ್ತ ಮೇಲೆ ಎಲ್ಲಿಗೆ. ಬೌದ್ಧರ ಸಾಲಿನಲ್ಲಿ ದೇವರ ಹೆಸರು 'ಬುದ್ಧ' ಅಂತ ಬರೆದಿದ್ದಾರೆ. ಎಂಟನೇ ಪಾಠ ಕೇಳಿದ ಯಾರಿಗಾದರೂ ಇದನ್ನು ನೋಡಿದರೆ ಸಿಟ್ಟು ಬರುತ್ತದೆ. ಕ್ರೈಸ್ತರ ಸಾಲಿನಲ್ಲಿ ಎಷ್ಟು ದೇವರು ಅನ್ನುವಲ್ಲಿ '1 (3)'. ಶತಮಾನಗಟ್ಟಲೆ ಜನ ತಲೆ ಕೊಟ್ಟು ವಾದಿಸಿದ್ದಕ್ಕೆ ಒಂದು ಕಂಸ. ಜೈನರ ಸಾಲಿನಲ್ಲಿ 'ಇಲ್ಲ', 'ಇಲ್ಲ', 'ಅನ್ವಯಿಸುವುದಿಲ್ಲ'. ನೋಡಿದವರಿಗೆ ಜೈನರಲ್ಲಿ ಏನೋ ಕೊರತೆ ಇದೆ ಅನ್ನಿಸಬೇಕು, ಹಾಗಿದೆ.

ಜೈನರಲ್ಲಿ ಯಾವ ಕೊರತೆಯೂ ಇಲ್ಲ. ಹತ್ತನೇ ಪಾಠದಲ್ಲಿ ಇವರೇ ಎಷ್ಟು ಚೆನ್ನಾಗಿ ಹೇಳಿದ್ದಾರೆ! ಜಗತ್ತಿಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ, ಹಾಗಾಗಿ ಮಾಡಿದವನು ಬೇಕಿಲ್ಲ. ಕರ್ಮ ಅನ್ನುವುದು ಜೀವಕ್ಕೆ ಅಂಟಿಕೊಳ್ಳುವ ಸೂಕ್ಷ್ಮ ಜಡ. ಅದನ್ನು ಪೂರ್ತಿ ಕಳಚಿಕೊಂಡ ಜೀವವೇ ಸಿದ್ಧ. ಅನಂತ ಜ್ಞಾನ, ಅನಂತ ಸುಖ ಆ ಜೀವದ್ದು. ಆ ಸ್ಥಿತಿಗೆ ಜೀವಗಳು ಏರಬಹುದು. ತೀರ್ಥಂಕರರು ದಾರಿ ತೋರಿಸಿದವರು, ವರ ಕೊಡುವವರಲ್ಲ. ಅವರನ್ನು ಪೂಜಿಸುವುದು ಆ ಗುಣ ತನ್ನಲ್ಲೂ ಬರಲಿ ಅಂತ.

ನಮ್ಮ ವಾರ್ಡಿನಲ್ಲಿ ಒಬ್ಬರು ಜೈನ ಅಜ್ಜಿ ಇದ್ದರು. ನೋಡಲು ಬಂದ ಯಾರೋ ಒಬ್ಬರು ಸಮಾಧಾನ ಹೇಳಬೇಕು ಅಂತ, "ದೇವರು ನಿಮ್ಮನ್ನ ಸುಖವಾಗಿ ಕರ್ಕೋತಾನೆ ಬಿಡಿ ಅಜ್ಜಿ" ಅಂದರು. ಅಜ್ಜಿ ಕಣ್ಣು ಬಿಟ್ಟು, "ನಮ್ಮಲ್ಲಿ ಕರಿಯೋರು ಯಾರೂ ಇಲ್ಲಮ್ಮ, ನಾನೇ ಹೋಗ್ಬೇಕು" ಅಂದರು. ಬೇಸರವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಆ ಮಾತಿನಲ್ಲಿ ಎಷ್ಟು ಬಲ ಇತ್ತು ಅಂದರೆ, ಹೇಳಿದವರು ಸುಮ್ಮನೆ ಅವರ ಕೈ ಹಿಡಿದುಕೊಂಡು ಕೂತರು. ಆ ಅಜ್ಜಿಯ ನಂಬಿಕೆಯನ್ನು 'ಅನ್ವಯಿಸುವುದಿಲ್ಲ' ಅಂತ ಒಂದು ಚೌಕದಲ್ಲಿ ಬರೆಯುವುದು ನನಗೆ ಸಹಿಸಲು ಆಗುವುದಿಲ್ಲ.

ಕಾಲು ಮುರಿದವರಿಗೂ ಸಕ್ಕರೆ ಕಾಯಿಲೆಯವರಿಗೂ ಒಂದೇ ಕೇಸ್‌ಶೀಟ್ ತುಂಬಿಸಿದರೆ ಅರ್ಧ ಜಾಗ ಖಾಲಿ ಉಳಿಯುತ್ತದೆ, ಬೇಕಾದದ್ದಕ್ಕೆ ಜಾಗವೇ ಇರುವುದಿಲ್ಲ. ಈ ಕೋಷ್ಟಕದ್ದೂ ಅದೇ ಕಥೆ. ದೇವರು ಎಷ್ಟು, ಜಗತ್ತನ್ನು ಮಾಡಿದವರು ಯಾರು ಅನ್ನುವುದು ಕೆಲವು ಧರ್ಮಗಳ ಪ್ರಶ್ನೆ. ಅದನ್ನೇ ಎಲ್ಲರ ಮೇಲೆ ಹೇರಿ, ಉತ್ತರ ಕೊಡದವರ ಮುಂದೆ 'ಇಲ್ಲ' ಅಂತ ಬರೆದರೆ ಅದು ಹೋಲಿಕೆ ಆಗುವುದಿಲ್ಲ. ಮೊದಲು ಕೇಳಬೇಕಾದದ್ದು, ಈ ಧರ್ಮಕ್ಕೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಯಾವುದು ಅಂತ. ಬೌದ್ಧರಿಗೆ ದುಃಖ ಹೇಗೆ ನಿಲ್ಲುತ್ತದೆ ಅನ್ನುವುದು. ಶಂಕರರಿಗೆ ನಾನು ನಿಜವಾಗಿ ಯಾರು ಅನ್ನುವುದು. ಮುಸ್ಲಿಮರಿಗೆ ಯಾರೊಬ್ಬನಿಗೆ ಮಾತ್ರ ತಲೆಬಾಗಬೇಕು ಅನ್ನುವುದು. ಕ್ರೈಸ್ತರಿಗೆ ದೇವರ ಜೊತೆ ಕಡಿದುಹೋದ ಸಂಬಂಧ ಹೇಗೆ ಕೂಡುತ್ತದೆ ಅನ್ನುವುದು. ಪ್ರಶ್ನೆ ಹಿಡಿದರೆ ಉತ್ತರ ತಾನಾಗಿ ಅರ್ಥವಾಗುತ್ತದೆ. ಒಳ್ಳೆಯ ಪಾಠಗಳಲ್ಲೆಲ್ಲ ಇವರು ಇದನ್ನೇ ಮಾಡಿದ್ದಾರೆ, ಪುಸ್ತಿಕೆಯಲ್ಲಿ ಮರೆತಿದ್ದಾರೆ. ಆ್ಯಪ್‌ನಲ್ಲಿ ಪ್ರತಿ ಪಾಠದ ಕೊನೆಗೆ ಬರುವ ನಾಲ್ಕು ಆಯ್ಕೆಯ ಪ್ರಶ್ನೆಗಳೂ ಈ ಕೋಷ್ಟಕದಿಂದಲೇ ಬಂದವು. ಅವನ್ನು ತಿರುಗಿಯೂ ನೋಡಬೇಡಿ.

ಕೊನೆಯ ಪಾಠದ ತಕರಾರೂ ಇದೇ ಬೇರಿನದು. 18ನೆಯದರ ಪೂರ್ತಿ ಆನೆ ಮತ್ತು ಕುರುಡರ ಕಥೆ. ಎಲ್ಲ ಧರ್ಮಗಳೂ ಒಂದೇ ಆನೆಯನ್ನು ಮುಟ್ಟುತ್ತಿವೆ, ಒಬ್ಬರಿಗೆ ಕಾಲು, ಒಬ್ಬರಿಗೆ ಬಾಲ ಸಿಕ್ಕಿದೆ, ಅಷ್ಟೇ ವ್ಯತ್ಯಾಸ ಅನ್ನುತ್ತಾರೆ. ಕೇಳಲು ಹಿತವಾಗಿದೆ. ಆದರೆ ಇದರ ಹಳೆಯ ರೂಪ ಇರುವುದು ಬೌದ್ಧರ ಉದಾನ ಅನ್ನುವ ಗ್ರಂಥದಲ್ಲಿ. ಅಲ್ಲಿ ಶ್ರಾವಸ್ತಿಯ ಒಬ್ಬ ರಾಜ ಹುಟ್ಟುಕುರುಡರನ್ನು ಸೇರಿಸಿ ಆನೆಯನ್ನು ಮುಟ್ಟಿಸುತ್ತಾನೆ. ತಲೆ ಮುಟ್ಟಿದವರು ಮಡಕೆ ಅನ್ನುತ್ತಾರೆ, ಕಿವಿ ಮುಟ್ಟಿದವರು ಮೊರ, ಕಾಲು ಮುಟ್ಟಿದವರು ಕಂಬ, ಬಾಲದ ತುದಿ ಮುಟ್ಟಿದವರು ಪೊರಕೆ. ಹೀಗೇ ಇದೆ, ಹಾಗಿಲ್ಲ ಅಂತ ಗುದ್ದಾಡುತ್ತಾರೆ. ಬುದ್ಧ ಇದನ್ನು ಹೇಳಿದ್ದು ಎಲ್ಲರೂ ಸರಿ ಅಂತ ಸಮಾಧಾನ ಮಾಡಲು ಅಲ್ಲ. ತಮ್ಮ ತಮ್ಮ ಅಭಿಪ್ರಾಯಕ್ಕೆ ಜೋತುಬಿದ್ದು ಕಚ್ಚಾಡುವ ಪಂಗಡಗಳವರು ಕಾಣದವರ ಹಾಗೆ ಅಂತ ಹೇಳಲು. ಇನ್ನೊಂದು ವಿಷಯ. ಆ ಕಥೆಯಲ್ಲಿ ರಾಜನಿಗೆ ಕಣ್ಣಿದೆ. ಅವನಿಗೆ ಇಡೀ ಆನೆ ಕಾಣುತ್ತಿದೆ, ಅದಕ್ಕೇ ಅದು ಆನೆ ಅಂತ ನಮಗೆ ಗೊತ್ತು. 'ಎಲ್ಲ ಧರ್ಮಗಳೂ ಆನೆಯ ಒಂದೊಂದು ತುಂಡು' ಅನ್ನುವವರು ರಾಜನ ಜಾಗದಲ್ಲಿ ನಿಂತು ಮಾತಾಡುತ್ತಿದ್ದಾರೆ. ಯಾಜ್ಞವಲ್ಕ್ಯನಿಗೂ ಮೈಮೊನಿಡೀಸ್‌ಗೂ ಇಬ್ನ್ ಹಂಬಲ್‌ಗೂ ಕಾಣದ್ದು ತಮಗೆ ಕಂಡಿದೆ ಅಂತ ಹೇಳಿದ ಹಾಗೆ. ಹಿಂದಿನ ಪಾಠಗಳಲ್ಲಿ ಅಷ್ಟು ವಿನಯದಿಂದ ಮಾತಾಡಿದವರ ಬಾಯಲ್ಲಿ ಇದು ಬರಬಾರದಿತ್ತು.

ಜಗಳ ತಪ್ಪಲಿ ಅನ್ನುವ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಹೇಳಿದ್ದಾರೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹಾಸಿಗೆ ಹಿಡಿದ ಒಬ್ಬ ಮನುಷ್ಯನಿಗೆ, ನೀನು ಜೀವಮಾನ ಇಡೀ ನಂಬಿದ್ದು ಬಾಲ ಮಾತ್ರ ಅಂತ ಹೇಳುವುದು ಗೌರವ ಅಲ್ಲ. ಅವರ ನಂಬಿಕೆ ಬೇರೆ, ನನ್ನದು ಬೇರೆ ಅಂತ ಒಪ್ಪಿಕೊಂಡೇ ಅವರ ಕೈ ಹಿಡಿಯಬಹುದು. ನಾನು ದಿನಾ ನೋಡುವುದು ಅದನ್ನೇ.

ಉಳಿದ ಪಾಠಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಸಿಖ್ಖರದು ಚೆನ್ನಾಗಿದೆ. ಗುರು ಗ್ರಂಥ ಸಾಹಿಬ್ ಶುರುವಾಗುವುದೇ 1 ಅನ್ನುವ ಅಂಕಿಯಿಂದ. ಆ ಒಬ್ಬ ಭಯವಿಲ್ಲದವನು, ಹಗೆಯಿಲ್ಲದವನು, ಕಾಲಕ್ಕೆ ಸಿಗದವನು ಅಂತ ಒಂದೊಂದನ್ನೇ ಬಿಡಿಸುತ್ತಾರೆ. ಗ್ರಂಥದಲ್ಲಿ ಕಬೀರ, ರವಿದಾಸ, ಶೇಖ್ ಫರೀದರ ಪದಗಳೂ ಇರುವುದನ್ನು ಹೇಳಿದ್ದಾರೆ. ಚೀನಾದ ದಾವೊ ಧರ್ಮದ ಪಾಠ ಚಿಕ್ಕದಾದರೂ ಗಟ್ಟಿ. ಅಪ್ಪಣೆ ಕೊಡದ, ಪೂಜೆ ಕೇಳದ, ಆದರೆ ಎಲ್ಲವೂ ಅದರಿಂದಲೇ ಆಗುವ ಒಂದು ದಾರಿಯನ್ನು ಪರಮ ಅಂತ ಕಾಣುವವರೂ ಇದ್ದಾರೆ ಅನ್ನುವುದು ಮನಸ್ಸಿಗೆ ಇಳಿಯುತ್ತದೆ. ಜಪಾನಿನ ಶಿಂಟೊ ಧರ್ಮದ ಪಾಠದಲ್ಲಿ 18ನೇ ಶತಮಾನದ ವಿದ್ವಾಂಸ ಮೊಟೊಓರಿ ನೊರಿನಾಗ ಬರುತ್ತಾನೆ. ಮರ, ಬೆಟ್ಟ, ಸಮುದ್ರ, ಪ್ರಾಣಿ, ಯಾವುದು ಸಾಮಾನ್ಯವನ್ನು ಮೀರಿ ಮನುಷ್ಯನಲ್ಲಿ ಬೆರಗು ಹುಟ್ಟಿಸುತ್ತದೋ ಅದೇ 'ಕಾಮಿ', ಅಂದರೆ ಶಿಂಟೊದವರ ದೈವ, ಅದು ಒಳ್ಳೆಯದೇ ಆಗಿರಬೇಕು ಅಂತಿಲ್ಲ ಅಂತ ಅವನ ವಿವರಣೆ. ಆಫ್ರಿಕಾದ ಧರ್ಮಗಳಿಗೆಲ್ಲ ಸೇರಿ ಒಂದೇ ಪಾಠ ಕೊಟ್ಟದ್ದು ಸರಿಯಲ್ಲ. ಯೊರುಬಾ ಜನರ ಪರಮ ದೇವರು ಒಲೊಡುಮಾರೆ ಮತ್ತು ಒರಿಶಾ ಅನ್ನುವ ದೇವತೆಗಳ ಬಗ್ಗೆ ಹೇಳುವಷ್ಟರಲ್ಲಿ ಸಮಯ ಮುಗಿದಿದೆ. ಒಂದು ಖಂಡವನ್ನು 40 ನಿಮಿಷಕ್ಕೆ ಕಟ್ಟಿಹಾಕಲು ಆಗುತ್ತದೆಯೇ?

ಆ್ಯಪ್ ಪರವಾಗಿಲ್ಲ. ಪಾಠಗಳನ್ನು ಡೌನ್‌ಲೋಡ್ ಮಾಡಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ನಿಲ್ಲಿಸಿದ ಜಾಗದಿಂದಲೇ ಮುಂದುವರಿಯುತ್ತದೆ. ವೇಗ ಕಡಿಮೆ ಮಾಡುವ ಸೌಲಭ್ಯ ಇದೆ, ಎಂಟನೇ ಪಾಠಕ್ಕೆ ಅದು ಬೇಕಾಗುತ್ತದೆ. ಓದಲು ಬರಹ ರೂಪವೂ ಇದ್ದಿದ್ದರೆ ಕಿವಿ ಮಂದವಾದವರಿಗೆ, ಹೆಸರುಗಳನ್ನು ಬರೆದುಕೊಳ್ಳುವವರಿಗೆ ಉಪಕಾರವಾಗುತ್ತಿತ್ತು. ಅರಬ್ಬಿ ಮತ್ತು ಹೀಬ್ರೂ ಹೆಸರುಗಳನ್ನು ಇಬ್ಬರೂ ಒಂದೊಂದು ಥರ ಹೇಳುತ್ತಾರೆ, ಒಂದೇ ಆಸಾಮಿಯೋ ಬೇರೆಯೋ ಅಂತ ಮೊದಮೊದಲು ಗೊಂದಲ ಆಗುತ್ತದೆ.

ಕೋಷ್ಟಕದ ಬಗ್ಗೆ ತಯಾರಕರಿಗೆ ಉದ್ದದ ಪತ್ರ ಬರೆದಿದ್ದೇನೆ. ಕಾಲಂಗಳನ್ನೆಲ್ಲ ತೆಗೆದು, ಪ್ರತಿ ಧರ್ಮದ ಮುಂದೆ ಅದರ ಮುಖ್ಯ ಪ್ರಶ್ನೆಯನ್ನು ಬರೆಯಿರಿ, ಶರಣರಿಗೊಂದು ಪಾಠ ಸೇರಿಸಿ ಅಂತ ಕೇಳಿದ್ದೇನೆ. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ.

ಆಸ್ಪತ್ರೆ, ಶಾಲೆ, ವೃದ್ಧಾಶ್ರಮ, ಎಲ್ಲಿ ಎಲ್ಲ ಥರದ ಜನರ ಜೊತೆ ಕೆಲಸ ಮಾಡಬೇಕೋ ಅಂಥವರು ಇದನ್ನು ಖಂಡಿತ ತೆಗೆದುಕೊಳ್ಳಿ. ನಮ್ಮ ವಾರ್ಡಿಗೆ ಹೊಸದಾಗಿ ಸೇರಿದ ಹುಡುಗಿಯರಿಗೆ ಐದು, ಏಳು, ಹತ್ತನೇ ಪಾಠ ಕೇಳಿಸಿದ್ದೇನೆ. ಪೂರ್ತಿ ಕೇಳುವವರು ಎರಡನೆಯದರಿಂದ ಶುರು ಮಾಡಿ. ಆರು ಮತ್ತು ಏಳನ್ನು ಒಂದೇ ಓಟದಲ್ಲಿ ಕೇಳಿ, ನಡುವೆ ದಿನ ಬಿಡಬೇಡಿ. ಪುಸ್ತಿಕೆಯಲ್ಲಿ ಹೆಸರುಗಳ ಪಟ್ಟಿ ಬಿಟ್ಟು ಬೇರೆ ಏನೂ ಬೇಡ. 18ನೆಯದನ್ನು ಕೇಳಲೇಬೇಕು ಅನ್ನಿಸಿದರೆ, ಅದಕ್ಕೆ ಮುಂಚೆ ಎಂಟನೆಯದನ್ನು ಇನ್ನೊಂದು ಸಲ ಹಾಕಿಕೊಳ್ಳಿ.